ಹತ್ತು ವರ್ಷದ ಐ3 ಲ್ಯಾಪ್‌ಟಾಪ್: ಎಲ್ಲಿ ದುಡ್ಡು ಹಾಕಿದೆ, ಎಲ್ಲಿ ಕೈಬಿಟ್ಟೆ

ಗದಗದ ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮನೆಯ ಮುಂದಿನ ಖೋಲಿಯೇ ಅಂಗಡಿ, ಹಿಂದಿನ ಖೋಲಿಯಲ್ಲಿ ಅಪ್ಪನ ಮಗ್ಗ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು ಮಾಡಿಕೊಡುತ್ತೇನೆ. ಜೊತೆಗೆ ಆನ್‌ಲೈನ್ ಅರ್ಜಿ, ಉತಾರ (ಪಹಣಿ) ತೆಗೆದುಕೊಡುವ ಕೆಲಸವೂ ಇದೆ. 2016ರಲ್ಲಿ ಅಂಗಡಿಗೆ ಅಂತ ಒಂದು ಲ್ಯಾಪ್‌ಟಾಪ್ ತಗೊಂಡೆ. ಅದರಲ್ಲಿದ್ದದ್ದು ಇಂಟೆಲ್ ಕೋರ್ ಐ3-5005ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ನನ್ನ ಕೈಗೆ ಎಟುಕುವ ಬೆಲೆಯಲ್ಲಿ ಆಗ ಸಿಕ್ಕಿದ್ದು ಅದೇ.

ಏಳು ವರ್ಷ ಅದೇ ನನಗೆ ಅನ್ನ ಹಾಕಿತು. ಆದರೆ 2023ರ ಮಳೆಗಾಲದ ಹೊತ್ತಿಗೆ ಅದರ ಮುಂದೆ ಕೂತುಕೊಳ್ಳುವುದೇ ಬೇಜಾರಾಗಿತ್ತು. ಬೆಳಿಗ್ಗೆ ಬಟನ್ ಒತ್ತಿದರೆ ಕೆಲಸಕ್ಕೆ ಸಿದ್ಧವಾಗಲು ನಾಲ್ಕು ನಿಮಿಷ ಬೇಕು. ಬ್ರೌಸರ್ ತೆರೆಯಲು ಮತ್ತೊಂದು ನಿಮಿಷ. ಬೆಳೆ ವಿಮೆಯ ಸೀಸನ್ನು ಬೇರೆ. ಹಳ್ಳಿಯಿಂದ ಬಂದ ಹಿರಿಯರು ಬಾಗಿಲಲ್ಲೇ ನಿಂತು, "ಯಾಕ್ರೀ, ಮಿಷನ್ ಇನ್ನೂ ಎದ್ದಿಲ್ಲೇನ್ರೀ?" ಅಂತ ಕೇಳುತ್ತಿದ್ದರು. ಅವರ ಬಸ್ಸು ತಪ್ಪುತ್ತದೆ ಅನ್ನೋದು ನನಗೂ ಗೊತ್ತು. ಹೊಟ್ಟೆಯೊಳಗೆ ಸಂಕಟವಾಗುತ್ತಿತ್ತು.

ಮಾರಿಬಿಡೋಣ ಅಂತ ಹುಬ್ಬಳ್ಳಿಯ ಒಂದು ಹಳೆ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಕೇಳಿದೆ. ನಾಲ್ಕು ಸಾವಿರ ಅಂದರು. ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು, ಇದು ನಿಧಾನ ಆಗ್ತಿರೋದು ಯಾವುದರಿಂದ ಅಂತ ಮೊದಲ ಸಲ ಸರಿಯಾಗಿ ನೋಡಿದೆ. ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ನನ್ನ ಎಂದಿನ ಕೆಲಸ ಮಾಡುತ್ತಾ ಹೋದೆ. ಬ್ರೌಸರ್, ಪುಟ ಜೋಡಿಸುವ ಪೇಜ್‌ಮೇಕರ್, ಒಂದು ಸ್ಕ್ಯಾನ್. ಪ್ರೊಸೆಸರ್ ಬಳಕೆ 20-30 ಶೇಕಡಾದಲ್ಲಿ ಆಡುತ್ತಿತ್ತು. ಡಿಸ್ಕ್ ಮಾತ್ರ 100ರಲ್ಲೇ ನಿಂತಿತ್ತು, ಕೆಳಗೆ ಇಳಿಯಲೇ ಇಲ್ಲ.

ಅಪ್ಪನಿಗೆ ಪರದೆ ತೋರಿಸಿ ಹೇಳಿದೆ. ಪ್ರೊಸೆಸರ್ ಸುಮ್ನೆ ಕೂತಿದೆ, ಡಿಸ್ಕು ಕೊಡೋದನ್ನ ಕಾಯ್ತಿದೆ ಅಂತ. ಅಪ್ಪ ಕಂಪ್ಯೂಟರ್ ಮುಟ್ಟಿದವರಲ್ಲ. "ಕಂಡಿಕಿ ತೀರಿದ್ರ ಮಗ್ಗ ಬದಲಸ್ತಾರೇನೋ?" ಅಂದರು. ನೇಕಾರ ಎಷ್ಟು ಚುರುಕಿದ್ದರೂ ಲಾಳಿಯೊಳಗಿನ ನೂಲಿನ ಕಂಡಿಕಿ ಸುತ್ತಿ ಕೊಡುವವರು ತಡ ಮಾಡಿದರೆ ಲಾಳಿ ನಿಲ್ಲುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆಗುತ್ತಿದ್ದದ್ದು ಅದೇ.

ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ. ನನ್ನದು ನಿಮಿಷಕ್ಕೆ 5400 ಸುತ್ತಿನದು. ಬೇಕಾದ ಫೈಲಿನ ತುಣುಕು ಎಲ್ಲಿದೆಯೋ ಅಲ್ಲಿಗೆ ಅದರ ಕೈ ಓಡಬೇಕು, ತಟ್ಟೆ ಆ ಜಾಗಕ್ಕೆ ತಿರುಗಿ ಬರಬೇಕು. ಇಂಥ ಹುಡುಕಾಟ ಸೆಕೆಂಡಿಗೆ ನೂರರ ಆಸುಪಾಸು ಆದರೆ ಹೆಚ್ಚು. ವಿಂಡೋಸ್ ಏಳುವಾಗ ಬೇಕಾಗೋದು ಸಾವಿರಾರು ಸಣ್ಣ ಸಣ್ಣ ಫೈಲು. ಅದರ ಬದಲು ಹಾಕುವ, ಚಿಪ್ಪಿನಲ್ಲೇ ಫೈಲು ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ವಸ್ತುವೇ ಇಲ್ಲ, ಹಾಗಾಗಿ ಇದೇ ಹುಡುಕಾಟ ಸೆಕೆಂಡಿಗೆ ಸಾವಿರಗಟ್ಟಲೆ ನಡೆಯುತ್ತದೆ. ಎಸ್‌ಎಸ್‌ಡಿ ಪೊಟ್ಟಣದ ಮೇಲೆ ಸೆಕೆಂಡಿಗೆ 500 ಎಂಬಿ, 550 ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ದೊಡ್ಡ ಫೈಲು ನಕಲು ಮಾಡುವಾಗಿನ ಲೆಕ್ಕ. ದಿನದ ಕೆಲಸದಲ್ಲಿ ನಮಗೆ ವ್ಯತ್ಯಾಸ ಕಾಣೋದು ಈ ಸಣ್ಣ ಹುಡುಕಾಟದಲ್ಲಿ.

256 ಜಿಬಿಯ ಸಾಟಾ ಎಸ್‌ಎಸ್‌ಡಿ, ಅಂದರೆ ಹಳೆ ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವಂಥದ್ದು, ನನಗೆ 1,700 ರೂಪಾಯಿಗೆ ಸಿಕ್ಕಿತು. ಹಳೆಯ ವಿಂಡೋಸನ್ನೇ ಹೊಸ ಡಿಸ್ಕಿಗೆ ನಕಲು ಮಾಡಬಹುದಿತ್ತು. ನಾನು ಮಾಡಲಿಲ್ಲ. ಏಳು ವರ್ಷದ ಕಸ ಯಾಕೆ ಹೊರಬೇಕು ಅಂತ ವಿಂಡೋಸ್ 10 ಹೊಸದಾಗಿ ಹಾಕಿದೆ. ಹಳೆ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಇಟ್ಟುಕೊಂಡೆ. ಗಿರಾಕಿಗಳ ಹಳೇ ಲಗ್ನಪತ್ರಿಕೆ ಫೈಲುಗಳೆಲ್ಲ ಅದರಲ್ಲೇ ಇವೆ. ಅಣ್ಣನ ಲಗ್ನದ ಕಾರ್ಡು ಮಾಡಿಸಿದವರು ಐದು ವರ್ಷದ ನಂತರ ತಮ್ಮನದಕ್ಕೆ "ಅದೇ ನಮೂನಿ ಮಾಡ್ರಿ" ಅಂತ ಬರುತ್ತಾರೆ!

ಹಿಂಬದಿಯ ಮುಚ್ಚಳ ಬಿಚ್ಚಿದಾಗ ಇನ್ನೊಂದು ಕಾರಣ ಕಣ್ಣಿಗೆ ಬಿತ್ತು. ಮೊದಲು ಬ್ಯಾಟರಿ ತೆಗೆದಿಟ್ಟೆ. ಮುಚ್ಚಳದ ಕೆಳಗೆ ಫ್ಯಾನು, ಅದರ ಬಾಯಿಗೆ ಬಿಸಿ ಹೊರಹಾಕುವ, ತಾಮ್ರದ ಸಣ್ಣ ಸಣ್ಣ ರೆಕ್ಕೆಗಳ ಹೀಟ್‌ಸಿಂಕ್. ಎರಡರ ನಡುವೆ ಬೂದು ಬಣ್ಣದ ಒಂದು ಪದರ ಕೂತಿತ್ತು. ಚಿಮಟದಲ್ಲಿ ತುದಿ ಹಿಡಿದು ಎಳೆದೆ. ಹರಿಯದೆ ಒಂದೇ ತುಂಡಾಗಿ ಬಂತು, ಕಂಬಳಿಯ ಚೂರಿನ ಹಾಗೆ. ಮಗ್ಗದ ಮನೆಯ ಹತ್ತಿಯ ನಾರು, ಏಳು ವರ್ಷದ್ದು. ಬೆರಳಲ್ಲಿ ಹಿಸುಕಿದರೆ ಮೆತ್ತಗಿತ್ತು. ಗಾಳಿ ಹೊರಗೆ ಹೋಗಲು ಜಾಗವೇ ಇರಲಿಲ್ಲ. ಪ್ರೊಸೆಸರ್ ಬಿಸಿ ಮಿತಿ ಮೀರಿದರೆ ಸುಡದಿರಲಿ ಅಂತ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನದ ಮೇಲೆ ನನ್ನ ಲ್ಯಾಪ್‌ಟಾಪು ಇನ್ನಷ್ಟು ಮಂದ ಆಗುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಬೆಟಗೇರಿಯಲ್ಲಿ ಮಗ್ಗ ಇರುವ ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ವರ್ಷಕ್ಕೊಮ್ಮೆ ಇದನ್ನು ಬಿಚ್ಚಲೇಬೇಕು ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಂಕಿ ಕೊರೆದಿರುತ್ತದೆ. ಹಾಕುವಾಗ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದನ್ನೇ ಪೂರ್ತಿ ತಿರುಗಿಸಬಾರದು. ಎತ್ತಿದಾಗ ಒಳಗೆ ಹಸಿರು ಬಿಲ್ಲೆಯ ಮೇಲೆ ಕನ್ನಡಿಯಂಥ ಎರಡು ತುಣುಕು ಪಕ್ಕಪಕ್ಕ ಇದ್ದವು. ದೊಡ್ಡದು ಪ್ರೊಸೆಸರ್, ಸಣ್ಣದು ಚಿಪ್‌ಸೆಟ್. ಪ್ರೊಸೆಸರ್ ಮೇಲಿದ್ದ, ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಂತಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ಇನ್ನೂರು ರೂಪಾಯಿಯ ಟ್ಯೂಬು. ಇನ್ನೂ ಅರ್ಧ ಉಳಿದಿದೆ.

ಆ ಬಿಲ್ಲೆ ಬೋರ್ಡಿಗೆ ಬೆಸುಗೆ ಹಾಕಿ ಕೂರಿಸಿದ್ದು. ಅಂಗಡಿಗೆ ಬರುವವರು, "ಪ್ರೊಸೆಸರ್ ಒಂದ ಬದಲಿ ಮಾಡಿಕೊಡ್ರಿ" ಅಂತ ಕೇಳುತ್ತಾರೆ. ಈ ತರಹದ ಲ್ಯಾಪ್‌ಟಾಪುಗಳಲ್ಲಿ ಅದು ಆಗುವ ಕೆಲಸ ಅಲ್ಲ. ಹಾಗಾಗಿ ಅದರ ಸುತ್ತ ಇರುವುದನ್ನು ಸರಿಮಾಡಬಹುದು, ಅಷ್ಟೇ.

ರ‍್ಯಾಮ್ ವಿಷಯದಲ್ಲಿ ನಾನು ಎಡವಿದೆ. 4 ಜಿಬಿಯ ಜೊತೆ ಇನ್ನೊಂದು 4 ಜಿಬಿ ಹಾಕೋಣ ಅಂತ ತಂದೆ. ಹಾಕಿ ಬಟನ್ ಒತ್ತಿದರೆ ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ತೆಗೆದು ಮತ್ತೆ ಹಾಕಿದೆ. ರಬ್ಬರಿನಿಂದ ಅದರ ಹಲ್ಲು ಉಜ್ಜಿದೆ. ಅದೇ ಕಥೆ. ಬೋರ್ಡೇ ಹೋಯಿತೇನೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎರಡೂ ರ‍್ಯಾಮ್ ಪಕ್ಕಪಕ್ಕ ಇಟ್ಟು ಚೀಟಿ ಓದಿದೆ. ಹಳೆಯದರ ಮೇಲೆ ಪಿಸಿ3ಎಲ್ ಅಂತ ಇತ್ತು, ಹೊಸದರ ಮೇಲೆ ಬರೀ ಪಿಸಿ3. ಆ ಒಂದು 'ಎಲ್' ಅಕ್ಷರ ಅಂದರೆ 1.35 ವೋಲ್ಟಿನಲ್ಲಿ ನಡೆಯುವುದು. ಅದಿಲ್ಲದ್ದು 1.5 ವೋಲ್ಟಿನದು. ನೋಡಲು ಎರಡೂ ಒಂದೇ, ಸ್ಲಾಟಿನಲ್ಲೂ ಸಲೀಸಾಗಿ ಕೂರುತ್ತವೆ. ಈ ಪ್ರೊಸೆಸರಿಗೆ ಬೇಕಾದದ್ದು ಡಿಡಿಆರ್3ಎಲ್, ಅಂದರೆ ಆ ಪಿಸಿ3ಎಲ್ ಚೀಟಿಯದೇ. ಅಂಗಡಿಯವರು ಬದಲಾಯಿಸಿ ಕೊಟ್ಟರು, 800 ರೂಪಾಯಿ ಆಯಿತು. ಅಂದಿನಿಂದ ಯಾರಿಗೇ ರ‍್ಯಾಮ್ ತರಲು ಹೇಳಿದರೂ, ಹಳೆಯದರ ಫೋಟೋ ಮೊಬೈಲಿನಲ್ಲಿ ತಗೊಂಡು ಹೋಗಿ ಅಂತ ಹೇಳಿ ಕಳಿಸುತ್ತೇನೆ.

ಎರಡು ರ‍್ಯಾಮ್ ಇದ್ದರೆ ಇನ್ನೊಂದು ಲಾಭವೂ ಇದೆ. ಈ ಐ3ಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಒಳಗೇ ಇರುವ ಎಚ್‌ಡಿ ಗ್ರಾಫಿಕ್ಸ್ 5500 ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಒಂದರ ಬದಲು ಎರಡು ರ‍್ಯಾಮ್ ಇದ್ದರೆ ಹಾದಿಯೂ ಎರಡಾಗುತ್ತದೆ. ವಿಡಿಯೋ, ಚಿತ್ರದ ಕೆಲಸಕ್ಕೆ ಅದು ಸಹಾಯ ಮಾಡುತ್ತದೆ.

ಎಲ್ಲ ಮುಗಿಸಿ ಬಟನ್ ಒತ್ತಿದೆ. ಹದಿನೆಂಟು ಸೆಕೆಂಡಿಗೆ ಎದ್ದಿತು. ಮೊಬೈಲಿನ ಗಡಿಯಾರ ಇಟ್ಟು ಮೂರು ಸಲ ನೋಡಿದೆ. ಮೂರೂ ಸಲ ಇಪ್ಪತ್ತರ ಒಳಗೇ. ಪೇಜ್‌ಮೇಕರ್ ಕ್ಲಿಕ್ ಮಾಡಿದ ತಕ್ಷಣ ತೆರೆಯಿತು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅಂದಿನ ಕಂಪ್ಯೂಟರಿಗೆ ಅಂತ ಬರೆದದ್ದು, ಐ3ಗೆ ಅದು ಭಾರವೇ ಅಲ್ಲ. ಕನ್ನಡ ಟೈಪಿಂಗಿನ ನುಡಿ, ಪೇಜ್‌ಮೇಕರ್, ಬ್ರೌಸರಿನಲ್ಲಿ ಐದಾರು ಟ್ಯಾಬು, ಪ್ರಿಂಟರು, ಇವೆಲ್ಲ ಒಟ್ಟಿಗೆ ನಡೆದವು. 2,700 ರೂಪಾಯಿಯಲ್ಲಿ ಅಂಗಡಿಗೆ ಜೀವ ಬಂತು. ಆ ದಿನ ಅಪ್ಪನ ಮುಂದೆ ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿ ತೋರಿಸಿದೆ.

ಆದರೆ ಇದಕ್ಕೊಂದು ಗಡಿ ಇದೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಐ3-5005ಯು ಬಂದದ್ದು 2015ರ ಶುರುವಿನಲ್ಲಿ. ಎರಡು ಕೋರ್, ಅಂದರೆ ಲೆಕ್ಕ ಹಾಕುವ ಎರಡು ಕೈ; ನಾಲ್ಕು ಥ್ರೆಡ್, ಅಂದರೆ ಒಟ್ಟಿಗೆ ಹಿಡಿಯಬಲ್ಲ ನಾಲ್ಕು ಕೆಲಸ; 15 ವ್ಯಾಟು. ವೇಗ 2.0 ಗಿಗಾಹರ್ಟ್ಸ್. ಮುಖ್ಯ ವಿಷಯ ಏನಂದರೆ ಇದಕ್ಕೆ ಟರ್ಬೋ ಇಲ್ಲ. ಅದೇ ಕಾಲದ ಐ5-5200ಯು ತಗೊಳ್ಳಿ. ಅದರದ್ದೂ ಎರಡೇ ಕೋರು, ಆದರೆ 2.2ರಿಂದ 2.7ರವರೆಗೆ ಏರುತ್ತದೆ. ಭಾರದ ಕೆಲಸ ಬಂದಾಗ ಒಂದು ಸ್ವಲ್ಪ ಹೊತ್ತು ಜೋರಾಗಿ ಓಡಿ ಮುಗಿಸುತ್ತದೆ. ನಮ್ಮ ಐ3 ಹಾಗಲ್ಲ. ಏರು ಬರಲಿ, ಇಳಿಜಾರು ಬರಲಿ, 2.0ಕ್ಕಿಂತ ಮೇಲೆ ಹೋಗಲ್ಲ. ಎಸ್‌ಎಸ್‌ಡಿ ಹಾಕಿದ ಮೇಲೆ ಕಾಯುವ ಕೆಲಸ ಮಾಯವಾಯಿತು, ಲೆಕ್ಕ ಹಾಕುವ ಕೆಲಸ ಹಾಗೇ ಉಳಿಯಿತು.

ಅದು ಮೊದಲು ಗೊತ್ತಾದದ್ದು ಫ್ಲೆಕ್ಸ್ ಕೆಲಸದಲ್ಲಿ. ಹತ್ತು ಅಡಿ ಅಗಲದ ಬ್ಯಾನರು, ಅದರಲ್ಲಿ ಇಪ್ಪತ್ತು ಜನರ ಫೋಟೋ, ಹಿಂದೆ ದೇವರ ಚಿತ್ರ. ಫೋಟೋಶಾಪಿನಲ್ಲಿ ಒಂದು ಬ್ಲರ್ ಕೊಟ್ಟರೆ ನಾಲ್ಕೂ ಥ್ರೆಡ್ 100ಕ್ಕೆ ಹೋಗುತ್ತವೆ, ನಾನು ಕೈಕಟ್ಟಿ ಕೂರಬೇಕು. ಇಲ್ಲಿ ನಿಜವಾಗಿಯೂ ಪ್ರೊಸೆಸರಿನದೇ ಕೊರತೆ. ಎಷ್ಟೇ ದುಡ್ಡು ಹಾಕಿದರೂ ಇದು ಸರಿಹೋಗಲ್ಲ.

ಎರಡನೆಯದು ವಿಡಿಯೋ. ಯೂಟ್ಯೂಬ್ ಈಗ ಜಾಸ್ತಿ ಕಳಿಸೋದು ವಿಪಿ9, ಎವಿ1 ಅನ್ನುವ ರೂಪದಲ್ಲಿ. ವಿಪಿ9 ಬಿಡಿಸುವ ಪೂರ್ತಿ ಯಂತ್ರ ಇಂಟೆಲ್ ಲ್ಯಾಪ್‌ಟಾಪುಗಳಿಗೆ ಬಂದದ್ದು ಏಳನೇ ತಲೆಮಾರಿನಲ್ಲಿ, ಎವಿ1ದು ಹನ್ನೊಂದನೆಯದರಲ್ಲಿ. ನನ್ನ ಐ3 ಐದನೇ ತಲೆಮಾರಿನದು, ಅದು ಆ ಕೆಲಸವನ್ನು ಬಹುಪಾಲು ಕೋರುಗಳಿಂದಲೇ ಎಳೆಸುತ್ತದೆ. ಅದಕ್ಕೆ 1080ರಲ್ಲಿ ಇಟ್ಟರೆ ಫ್ಯಾನು ಕೂಗುತ್ತದೆ, ಚಿತ್ರ ತಡವರಿಸುತ್ತದೆ. ಬ್ರೌಸರಿನಲ್ಲಿ ಎಚ್264ಇಫೈ ಅನ್ನುವ ಒಂದು ಸಣ್ಣ ಎಕ್ಸ್‌ಟೆನ್ಶನ್ ಹಾಕಿದೆ. ಅದು ಯೂಟ್ಯೂಬಿಗೆ ಹಳೆಯ ಎಚ್.264 ರೂಪವನ್ನೇ ಕಳಿಸಲು ಹೇಳುತ್ತದೆ. ಆ ರೂಪವನ್ನು ಈ ಚಿಪ್ಪು ಸುಲಭವಾಗಿ ಬಿಡಿಸುತ್ತದೆ. ಫ್ಯಾನು ತಣ್ಣಗಾಯಿತು. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಫ್ಲೆಕ್ಸ್ ಕೆಲಸ ಹೆಚ್ಚಾದಾಗ, 2024ರಲ್ಲಿ, ಅಂಗಡಿಗೆ ಇನ್ನೊಂದು ಹಳೆ ಲ್ಯಾಪ್‌ಟಾಪ್ ಹುಡುಕಲು ಹುಬ್ಬಳ್ಳಿಗೆ ಹೋದೆ. ಒಂದು ಕಡೆ, "ಐ5 ಐತ್ರೀ ಸರ್, ಏನೂ ನೋಡಬ್ಯಾಡ್ರಿ" ಅಂದರು. ಹದಿನಾಲ್ಕು ಸಾವಿರ. ಮುಚ್ಚಳದ ಮೇಲೆ ಐ5 ಚೀಟಿ ಹೊಳೆಯುತ್ತಿತ್ತು. ನಾನು ಆನ್ ಮಾಡಿಸಿ ಪೂರ್ತಿ ಹೆಸರು ನೋಡಿದೆ. ಐ5-5200ಯು. ಅಂದರೆ ನನ್ನ ಮನೆಯಲ್ಲಿರುವ ಐ3ನ ಅಣ್ಣ, ಒಂದೇ ಬ್ಯಾಚಿನದು. ಹದಿನಾಲ್ಕು ಸಾವಿರ ಕೊಟ್ಟು ಅದೇ ಎರಡು ಕೋರು ತರಬೇಕಾ?

ಹಳೆ ಲ್ಯಾಪ್‌ಟಾಪ್ ಕೊಳ್ಳುವವರು ದಯವಿಟ್ಟು ಇದೊಂದನ್ನು ನೋಡಿ. ಐ3, ಐ5 ಅನ್ನುವುದಕ್ಕಿಂತ ಗೆರೆಯ ಆಚೆಗಿನ ಅಂಕಿ ಮುಖ್ಯ. 5005, 5200 ಅಂದರೆ ಐದನೇ ತಲೆಮಾರು. 8250 ಅಂದರೆ ಎಂಟನೆಯದು. ಎಂಟನೆಯದರಲ್ಲಿ ಐ5ಗೆ ಎರಡರ ಬದಲು ನಾಲ್ಕು ಕೋರು ಬಂದವು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟರಿಂದ ಮೇಲಿನದನ್ನೇ. ನಾನು ಇನ್ನೊಂದು ಅಂಗಡಿಯಲ್ಲಿ ಐ5-8250ಯು ಇರುವುದನ್ನು 17,500ಕ್ಕೆ ತಂದೆ. ಫ್ಲೆಕ್ಸ್ ಕೆಲಸ ಈಗ ಅದರಲ್ಲಿ.

ಹೊಸದು ಅಂದರೆ ಜೋರು ಅಂತಲೂ ಅಲ್ಲ. ನಮ್ಮ ಓಣಿಯ ಒಬ್ಬರು ಮಗನಿಗೆ ಸೆಲೆರಾನ್ ಎನ್4020 ಇರುವ ಹೊಸ ಲ್ಯಾಪ್‌ಟಾಪ್ ತಂದರು. ಅದೂ ಎರಡು ಕೋರು, ಥ್ರೆಡ್ಡೂ ಎರಡೇ. ವೇಗ 1.1ರಿಂದ ಶುರುವಾಗಿ ಆಗಾಗ 2.8ಕ್ಕೆ ಏರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಅರ್ಜಿ ತುಂಬುವ ಕೆಲಸ ಮಾಡಿದೆ. ಎಸ್‌ಎಸ್‌ಡಿ ಹಾಕಿದ ನನ್ನ ಐ3 ಒಂದು ಕೂದಲೂ ಹಿಂದೆ ಬೀಳಲಿಲ್ಲ. ಟ್ಯಾಬು ಜಾಸ್ತಿಯಾದಾಗ ನನ್ನದೇ ವಾಸಿ. ಆದರೆ ಅದು 6 ವ್ಯಾಟಿನದು, ವಿಪಿ9 ವಿಡಿಯೋ ಸಲೀಸು, ವಿಂಡೋಸ್ 11ರ ಪಟ್ಟಿಯಲ್ಲೂ ಇದೆ. ಹಾಗಾಗಿ ಪೂರ್ತಿ ಕೆಟ್ಟ ವ್ಯಾಪಾರ ಅಂತ ಹೇಳಲ್ಲ. ಅದರಲ್ಲಿ ಡಿಸ್ಕಿನ ಬದಲು 64 ಜಿಬಿಯ ಇಎಂಎಂಸಿ ಅನ್ನುವ ಚಿಪ್ಪು ಬೋರ್ಡಿಗೇ ಬೆಸೆದಿತ್ತು, ಅದನ್ನು ತೆಗೆದು ಹೆಚ್ಚಿಸಲು ಬರುವುದಿಲ್ಲ. ನನಗೆ ಬೇಸರ ಆದದ್ದು ಅದಕ್ಕೆ.

ಐ3 ಆಮೇಲೆ ನನ್ನ ಅಕ್ಕನ ಮಗಳ ಕೈಗೆ ಹೋಯಿತು. ಅವಳು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಪಿಡಿಎಫ್ ಓದಬೇಕು, ಆನ್‌ಲೈನ್ ಕ್ಲಾಸ್ ನೋಡಬೇಕು, ಅಣಕು ಪರೀಕ್ಷೆ ಬರೆಯಬೇಕು. ಕೊಡುವ ಮೊದಲು 1,900 ರೂಪಾಯಿಯ ಬ್ಯಾಟರಿ ಹಾಕಿದೆ. ಕರೆಂಟು ಹೋದರೂ ಎರಡೂವರೆ ತಾಸು ನಡೆಯುತ್ತದೆ. ಅಲ್ಲಿಗೆ ಒಟ್ಟು ಖರ್ಚು 4,600.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅದಕ್ಕೂ ಮೊದಲೇ, ದಸರಾಕ್ಕೆ ಬಂದವಳು ಗಾಬರಿಯಾಗಿ ಕೇಳಿದಳು: "ಮಾಮಾ, ಇನ್ನ ಇದು ಬಂದ್ ಆಕ್ಕೈತೇನು? ಹೊಸಾದು ತಗೋಬೇಕೇನು?" ಬಂದ್ ಆಗಲ್ಲ, ನಡೆಯುತ್ತದೆ, ಆದರೆ ಭದ್ರತೆಯ ಅಪ್ಡೇಟ್ ಬರಲ್ಲ ಅಂತ ತಿಳಿಸಿ ಹೇಳಿದೆ. ಮೈಕ್ರೋಸಾಫ್ಟಿನ ಖಾತೆಯಿಂದ ಸೇರಿಕೊಂಡರೆ ಇನ್ನೊಂದು ವರ್ಷ, 2026ರ ಅಕ್ಟೋಬರ್ ತನಕ ಅಪ್ಡೇಟ್ ಪಡೆಯುವ ದಾರಿ ಇತ್ತು. ವಿಂಡೋಸ್ 11ನ್ನು ಅಡ್ಡದಾರಿಯಲ್ಲಿ ಹಾಕುವವರೂ ಇದ್ದಾರೆ. ಅದು ಬೇಡ ಅನ್ನಿಸಿತು. ಪರೀಕ್ಷೆಯ ಅರ್ಜಿ ಹಾಕುವ ಹೊತ್ತಿಗೆ ಅಪ್ಡೇಟ್ ಕೈಕೊಟ್ಟರೆ ಆ ಹುಡುಗಿಯ ಒಂದು ವರ್ಷ ಹೋಗುತ್ತದೆ.

ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ, ಅದರಲ್ಲೂ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ. ಮಿಂಟ್ 22ಕ್ಕೆ 2029ರವರೆಗೆ ಅಪ್ಡೇಟ್ ಇದೆ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ವೈಫೈ, ಸೌಂಡು, ಕ್ಯಾಮೆರಾ, ಪರದೆಯ ಬೆಳಕು ಎಲ್ಲ ನೋಡಿಕೊಂಡೆ. ಎಲ್ಲವೂ ಸರಿ ಅಂತ ಖಾತ್ರಿಯಾದ ಮೇಲೇ ಡಿಸ್ಕಿಗೆ ಹಾಕಿದ್ದು. ಕನ್ನಡ ಟೈಪಿಂಗಿಗೆ ಐಬಸ್ ಅನ್ನುವ ಲಿನಕ್ಸಿನ ಟೈಪಿಂಗ್ ಸಾಧನದಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ವಿನ್ಯಾಸ, ಬರುವುದು ಯುನಿಕೋಡ್. ಅವಳು ಅದೇ ದಿನ ಲಿಬ್ರೆಆಫೀಸಿನಲ್ಲಿ ಪ್ರಬಂಧ ಟೈಪ್ ಮಾಡಿದಳು. ಆದರೆ ಹಳೆಯ ನುಡಿ ಫಾಂಟಿನ ಫೈಲು, ಪೇಜ್‌ಮೇಕರ್, ಕೋರೆಲ್ ಇದರಲ್ಲಿ ನಡೆಯುತ್ತದೆ ಅಂತ ಯಾರೂ ನಂಬಿ ಕೂರಬೇಡಿ. ಡಿಟಿಪಿ ಅಂಗಡಿಯ ಲ್ಯಾಪ್‌ಟಾಪಿಗೆ ನಾನು ಲಿನಕ್ಸ್ ಹಾಕಿಲ್ಲ, ಹಾಕುವುದೂ ಇಲ್ಲ. ಓದುವ ಹುಡುಗರಿಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಈಗ ಅಂಗಡಿಗೆ ಬಂದು ಕೇಳುವವರಿಗೆ ನಾನು ಹೇಳುವುದು ಹೀಗೆ. ಮನೆಯಲ್ಲೇ ಐ3-5005ಯು ಅಥವಾ ಅದರ ಕಾಲದ್ದು ಇದ್ದು, ಪರದೆ, ಕೀಬೋರ್ಡು, ಬಿಜಾಗರಿ ಚೆನ್ನಾಗಿದ್ದರೆ ಎರಡೂವರೆ ಮೂರು ಸಾವಿರ ಹಾಕಿ. ಪರದೆಯೂ ಹೋಗಿದೆ, ಬಿಜಾಗರಿಯೂ ಮುರಿದಿದೆ ಅಂದರೆ ಬೇಡ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಎಂಟನೇ ತಲೆಮಾರಿನದು ನೋಡಿ. ಮಾರ್ಕೆಟ್ಟಿನಿಂದ ಐದನೇ ತಲೆಮಾರಿನದನ್ನು ಹುಡುಕಿಕೊಂಡು ಹೋಗಿ ತರಬೇಡಿ, ಎಷ್ಟೇ ಮಿಂಚುತ್ತಿರಲಿ. ಹತ್ತು ಹನ್ನೆರಡು ಸಾವಿರ ಹೇಳುವವರು ಈಗಲೂ ಇದ್ದಾರೆ. ನನ್ನ ಪ್ರಕಾರ, ಎಸ್‌ಎಸ್‌ಡಿ ಹಾಕಿದ್ದರೂ ಆರು ಸಾವಿರಕ್ಕಿಂತ ಹೆಚ್ಚು ಕೊಡುವ ವಸ್ತು ಅದಲ್ಲ.

ಸಂಕ್ರಾಂತಿಗೆ ಅವಳು ಊರಿಗೆ ಬಂದಾಗ, "ಮಾಮಾ, ಫ್ಯಾನ್ ಸಪ್ಪಳ ಮಾಡಾಕತ್ತೈತಿ" ಅಂದಳು. "ತಾರವಾ ಇಲ್ಲೆ" ಅಂದು ಟೇಬಲ್ಲಿನ ಮೇಲೆ ಮಗುಚಿಟ್ಟು ಬಿಚ್ಚಿದೆ. ಈ ಸಲ ಸ್ಕ್ರೂಡ್ರೈವರು ಅವಳ ಕೈಗೇ ಕೊಟ್ಟೆ. ಒಳಗೆ ಹತ್ತಿ ಇರಲಿಲ್ಲ, ಧಾರವಾಡದ ಕೆಂಪು ಧೂಳು ತೆಳ್ಳಗೆ ಕೂತಿತ್ತು. ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಷ್ ಆಡಿಸುವುದನ್ನು ತೋರಿಸಿದೆ. ಹತ್ತು ನಿಮಿಷದ ಕೆಲಸ. ಪೇಸ್ಟು ಇನ್ನೂ ಹಸಿಯಾಗೇ ಇತ್ತು, ಅದನ್ನು ಮುಟ್ಟಲಿಲ್ಲ. ಮುಚ್ಚಳ ಹಾಕಿದಳು, ಬ್ಯಾಟರಿ ಕೂರಿಸಿದಳು, ಆನ್ ಮಾಡಿದಳು. ಸಂಜೆಯ ಗಾಡಿಗೆ ಸಜ್ಜಿ ರೊಟ್ಟಿಯ ಗಂಟಿನ ಜೊತೆ ಅದೂ ಅವಳ ಚೀಲದಲ್ಲಿ ಹೋಯಿತು.